ಬ್ರೈಲ್ ಪ್ರಿಂಟರಿಗಾಗಿ ಹೋಸ್ಟ್ ಐಡಿ ಹುಡುಕಿದ್ದು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಅಂಧರ ಕೇಂದ್ರಕ್ಕೆ ಹೊಸಬರು ಬಂದರೆ, ಒಳಗೆ ಶಾವಿಗೆ ಮಷೀನು ಓಡುತ್ತಿದೆಯೇ ಎಂದು ಕೇಳುವುದುಂಟು. ಅದು ಶಾವಿಗೆ ಮಷೀನಲ್ಲ, ಬ್ರೈಲ್ ಪ್ರಿಂಟರು. ಅದಕ್ಕೆ ಶಾಯಿ ಬೇಡ. ದಪ್ಪ ಕಾಗದದ ಮೇಲೆ ಸಣ್ಣ ಮೊಳೆಗಳಿಂದ ಬಡಿದು ಬಡಿದು ಉಬ್ಬು ಚುಕ್ಕಿಗಳನ್ನು ಎಬ್ಬಿಸುತ್ತದೆ. ಆ ಸದ್ದಿಗೆ ಪಕ್ಕದ ಮನೆಯವರು ಮಧ್ಯಾಹ್ನದ ನಿದ್ದೆ ಬಿಟ್ಟಿದ್ದಾರೆ. ನನಗೆ ಮಾತ್ರ ಅದು ನಿಂತರೇ ಕಿವಿ ಚುರುಕಾಗುತ್ತದೆ.

ಅದನ್ನು ನಡೆಸುವವಳು ನಾನೇ. ನನಗೂ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ದೃಷ್ಟಿ ಮಸುಕಾಗುತ್ತ ಹೋಗಿ, ಸಾಲೆಗೆ ಸೇರುವ ಹೊತ್ತಿಗೆ ಬಿಸಿಲಿಗೂ ನೆರಳಿಗೂ ಇರುವ ಫರಕು ಮಾತ್ರ ಉಳಿದಿತ್ತು. ಅಪ್ಪ ಇಳಕಲ್ಲಿನಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಮಾಡುವ ಕೆಲಸದಲ್ಲಿದ್ದ. ಕೆಂಪು ಕಲ್ಲಿನ ತುಂಡುಗಳನ್ನು ಮನೆಗೆ ತಂದು ನನ್ನ ಕೈಗೆ ಕೊಡುತ್ತಿದ್ದ. “ಇದರಾಗ ಯಾವ ಕಡೆ ಪಾಲಿಶ್ ಕಮ್ಮಿ ಆಗೇತಿ ಹೇಳವ್ವಾ,” ಎನ್ನುತ್ತಿದ್ದ. ನಾನು ಬೆರಳಾಡಿಸಿ ತೋರಿಸಿದರೆ, “ಬರೋಬ್ಬರಿ!” ಎಂದು ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಮುಂದೆ ನನ್ನನ್ನು ಬೋರ್ಡಿಂಗ್ ಸಾಲೆಗೆ ಹಾಕಿದವನೂ ಅವನೇ. ಅಲ್ಲಿ ಬ್ರೈಲ್ ಕಲಿತೆ, ಆಮೇಲೆ ಕಂಪ್ಯೂಟರ್ ಕಲಿತೆ, ಕಲಿಸುವ ಕೆಲಸಕ್ಕೂ ಸೇರಿದೆ. ದೊಡ್ಡವರಾದ ಮೇಲೆ ಕಣ್ಣು ಕಳೆದುಕೊಂಡ ಹೆಣ್ಣುಮಕ್ಕಳಿಗೆ ಬ್ರೈಲ್ ಹೇಳಿಕೊಡುವುದು ಈಗ ನನ್ನ ಕೆಲಸ.

ಹಾಗೆ ಕಲಿಯಲು ಬಂದವರಲ್ಲಿ ಬಾದಾಮಿಯ ಒಬ್ಬ ಹೆಣ್ಣುಮಗಳಿದ್ದಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಗೊತ್ತಾಗುವಷ್ಟರಲ್ಲಿ ಎರಡೂ ಕಣ್ಣು ಹೋಗಿದ್ದವು. ಗಂಡ ಬಾದಾಮಿಯಲ್ಲಿ ಟಂಟಂ, ಅಂದರೆ ಶೇರ್ ಆಟೋ, ಓಡಿಸುತ್ತಿದ್ದ. ಅವನೇ ಅವಳನ್ನು ಬಸ್ ಹತ್ತಿಸುತ್ತಿದ್ದ, ನವನಗರದ ಸ್ಟಾಪಿನಲ್ಲಿ ನಮ್ಮವರು ಇಳಿಸಿಕೊಳ್ಳುತ್ತಿದ್ದರು. ಮೊದಲ ದಿನ ಚುಕ್ಕಿಗಳ ಮೇಲೆ ಬೆರಳಿಟ್ಟು ಅವಳು ಅತ್ತೇ ಬಿಟ್ಟಳು.

“ನನಗ ಏನೂ ತಿಳಿವಲ್ದರಿ ಅಕ್ಕೋರ. ರೊಟ್ಟಿ ಬಡದು ಬಡದು ಬೊಟ್ಟು ಜಡ್ಡುಗಟ್ಟ್ಯಾವ.”

“ರೊಟ್ಟಿ ಬಡಿಯೋ ಕೈಗೆ ಹಿಟ್ಟು ಮೆತ್ತಗಾತೋ ಇಲ್ಲೋ ತಿಳಿತೈತಿಲ್ಲ?” ಎಂದೆ.

“ತಿಳಿತೈತ್ರಿ.”

“ಮತ್ತ ಇದೂ ತಿಳಿತೈತಿ. ಒತ್ತಬ್ಯಾಡ. ಸುಮ್ನ ಮ್ಯಾಲ ಮ್ಯಾಲ ಸವರು.”

ತಿಳಿಯಿತು. ಎಲ್ಲರಿಗಿಂತ ಬೇಗ ಅಲ್ಲ, ಆದರೆ ಬಿಡದೆ ಕಲಿತಳು. ಕಾಗುಣಿತ ಮುಗಿದ ದಿನ, ಇನ್ನು ಏನು ಓದಲು ಇಷ್ಟ ಎಂದು ಕೇಳಿದೆ. ದೇವರ ಹಾಡು, ಕತೆ, ಅಡುಗೆ ಪುಸ್ತಕ, ಹೀಗೆ ಏನಾದರೂ ಹೇಳುತ್ತಾಳೆಂದು ಕಾಯುತ್ತಿದ್ದೆ.

“ನನ್ನ ಮಗಳು ಈ ಸಲ ನಾಕನೇ ಇಯತ್ತೆಗೆ ಹೋಗ್ತಾಳ್ರಿ. ಅಕಿ ಕನ್ನಡ ಪುಸ್ತಕ ನನಗ ಬೇಕ್ರಿ,” ಎಂದಳು. “ಮೊದಲೆಲ್ಲ ಸಂಜಿಮುಂದ ನಾನ ಓದಸ್ತಿದ್ದೆ. ಈಗ ಅಕಿ ಏನ್ ಓದ್ತಾಳ, ಏನ್ ಬಿಡ್ತಾಳ ಗೊತ್ತಾಗಂಗಿಲ್ಲ. ‘ಓದೇನಿ’ ಅಂತಾಳ, ಪುಸ್ತಕ ಮುಚ್ಚಿದ ಸಪ್ಪಳ ಕೇಳ್ತೇನಿ, ಅಷ್ಟ.”

ಮಕ್ಕಳಿಗೆ ಬ್ರೈಲ್ ಪುಸ್ತಕ ಬೇಕೆಂದು ಕೇಳಿದವರು ಬಹಳ. ಕಣ್ಣಿರುವ ಮಗುವಿನ ತಾಯಿ ತನಗಾಗಿ ಕೇಳಿದ್ದು ಅದೇ ಮೊದಲು. ಸಾಲೆ ಶುರುವಾಗುವುದರೊಳಗೆ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡೆ.

ಬ್ರೈಲ್ ಪುಸ್ತಕ ಮಾಡಬೇಕಾದರೆ ಮೊದಲು ಇಡೀ ಪಾಠವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕು. ಕನ್ನಡ ಅಕ್ಷರಗಳನ್ನು ಚುಕ್ಕಿಗಳಾಗಿ ಬದಲಿಸಲು ಒಂದು ಬೇರೆ ತಂತ್ರಾಂಶವಿದೆ, ಅದು ಬದಲಿಸಿದ್ದನ್ನು ಪ್ರಿಂಟರು ಕಾಗದಕ್ಕೆ ಬಡಿಯುತ್ತದೆ. ಟೈಪ್ ಮಾಡಲು ನನಗೆ ಯಾರಾದರೂ ಓದಿ ಹೇಳಬೇಕು. ಆ ಕೆಲಸವನ್ನು ಅವಳ ಗಂಡ ಹೊತ್ತುಕೊಂಡ. ಟಂಟಂ ನಿಲ್ಲಿಸಿಕೊಂಡು ಬಾಡಿಗೆಗೆ ಕಾಯುವ ಹೊತ್ತಿನಲ್ಲಿ ಪಾಠಗಳನ್ನು ಮೊಬೈಲಿಗೆ ಓದಿ ನನಗೆ ಕಳಿಸುತ್ತಿದ್ದ. ಪಾಠದ ನಡುವೆ “ಬನಶಂಕರಿ, ಬನಶಂಕರಿ” ಎಂದು ಸವಾರಿ ಕರೆಯುವ ಕೂಗು ಬರುತ್ತಿತ್ತು. ಒಮ್ಮೊಮ್ಮೆ ವಾಕ್ಯ ಅರ್ಧಕ್ಕೇ ನಿಂತು, “ಬರ್ರಿ, ಕೂಡ್ರಿ, ಸ್ಟೇಷನ್ ಏನ್ರಿ?” ಎಂದು ಮುಗಿಯುತ್ತಿತ್ತು. ಉಳಿದರ್ಧ ವಾಕ್ಯಕ್ಕೆ ನಾನು ಸಂಜೆಯವರೆಗೂ ಕಾಯುತ್ತಿದ್ದೆ. ಸಂಜೆ ಮತ್ತೆ ಅವನ ಧ್ವನಿ ಬರುತ್ತಿತ್ತು: “ಅಕ್ಕೋರ, ಎಲ್ಲಿಗಿ ಬಿಟ್ಟಿದ್ದೆ?” ಹೀಗೆ ಬೇಸಿಗೆಯೆಲ್ಲ ಅವನು ಓದಿದ, ನಾನು ಟೈಪ್ ಬಡಿದೆ. ಪುಸ್ತಕ ಮುಗಿಯಿತು.

ಇನ್ನು ಪ್ರಿಂಟ್ ಹಾಕುವುದಷ್ಟೇ ಎನ್ನುವಾಗ ಕಂಪ್ಯೂಟರ್ ಸತ್ತುಹೋಯಿತು. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಒಂದು ಸಲ ಬಂದದ್ದು ಜೋರಾಗಿಯೇ ಬಂತು. ಸುಟ್ಟ ವಾಸನೆ ಮೊದಲು ನನಗೇ ಹತ್ತಿತು. ನಾನು ಟೈಪ್ ಮಾಡಿದ್ದೆಲ್ಲ ಪೆನ್‌ಡ್ರೈವಿನಲ್ಲಿತ್ತು, ಅದೊಂದು ಪುಣ್ಯ. ಕಂಪ್ಯೂಟರ್ ರಿಪೇರಿಯವರು ಬಂದು ನೋಡಿ, ಇದು ಇನ್ನು ಏಳುವುದಿಲ್ಲ ಎಂದು ಬೇರೆ ಕಂಪ್ಯೂಟರ್ ಜೋಡಿಸಿಕೊಟ್ಟರು. ಒಳ್ಳೆಯ ಮನುಷ್ಯ. ಕೆಲಸ ಮಾಡುವಾಗ ಏನು ಮಾಡುತ್ತಿದ್ದೇನೆಂದು ನನಗೆ ಬಾಯಿಬಿಟ್ಟು ಹೇಳುತ್ತ ಮಾಡುತ್ತಾರೆ.

ಹೊಸ ಕಂಪ್ಯೂಟರಿನಲ್ಲಿ ಎಲ್ಲವೂ ನಡೆಯಿತು, ಚುಕ್ಕಿ ಮಾಡುವ ತಂತ್ರಾಂಶ ಒಂದನ್ನು ಬಿಟ್ಟು. ಅದನ್ನು ತೆರೆದರೆ, ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ಒಂದೇ ಮಾತು ಹೇಳುತ್ತಿತ್ತು: ಈ ಕಂಪ್ಯೂಟರಿಗೆ ಲೈಸೆನ್ಸ್ ಇಲ್ಲ.

ಬೆಂಗಳೂರಿನಲ್ಲಿರುವ ಆ ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಮಾತಾಡಿದಳು. ಆ ಕಡೆಯ ಕನ್ನಡ, ಪುಸ್ತಕದಲ್ಲಿರುವ ಹಾಗೆ.

“ಮೇಡಂ, ನಿಮ್ಮ ಲೈಸೆನ್ಸ್ ಹಳೇ ಸಿಸ್ಟಮ್‌ಗೆ ಕಟ್ಟಿದೆ. ಹೊಸ ಸಿಸ್ಟಮ್‌ನ ಹೋಸ್ಟ್ ಐಡಿ ಕಳಿಸಿದರೆ ಬದಲಿಸಿ ಕೊಡ್ತೀವಿ.”

ಹೋಸ್ಟ್ ಐಡಿ ಎಂಬುದು ಕಂಪ್ಯೂಟರಿನ ಗುರುತಿನ ಸಂಖ್ಯೆ ಎಂದು ಅವಳೇ ಹೇಳಿದಳು. ನಮ್ಮ ಕಚೇರಿಯ ಗುಮಾಸ್ತರು ಕಂಪ್ಯೂಟರ್ ಡಬ್ಬಿಯ ಹಿಂದೆ ಅಂಟಿಸಿದ್ದ ಚೀಟಿಯ ಫೋಟೋ ತೆಗೆದು ಕಳಿಸಿದರು. ಅದು ಡಬ್ಬಿ ಮಾಡಿದವರ ನಂಬರು, ನಮಗೆ ಬೇಕಾದದ್ದಲ್ಲ ಎಂದು ಉತ್ತರ ಬಂತು. ಮತ್ತೆ ರಿಪೇರಿಯವರನ್ನೇ ಕರೆದೆವು. ಹೊರಗೆ ರಸ್ತೆ ಅಗೆದು ನಮ್ಮ ಇಂಟರ್‌ನೆಟ್ ಕೇಬಲ್ಲು ಕಡಿದುಹೋಗಿತ್ತು. ಅವರು ತಮ್ಮಲ್ಲಿದ್ದ ಏನೋ ಒಂದನ್ನು ಜೋಡಿಸಿ ನೆಟ್ ಬರಿಸಿದರು, ಕಂಪ್ಯೂಟರಿನಲ್ಲಿ ಹುಡುಕಿ ಒಂದು ಐಡಿ ಕಳಿಸಿದರು, ಸಂಜೆಯೊಳಗೆ ಹೊಸ ಲೈಸೆನ್ಸೂ ಬಂತು. ತಂತ್ರಾಂಶ ತೆರೆಯಿತು. ಪರೀಕ್ಷೆಗೆಂದು ಒಂದು ಹಾಳೆ ಪ್ರಿಂಟ್ ಹಾಕಿದೆ. ಮೊದಲ ಪಾಠದ ಹೆಸರು ನನ್ನ ಬೆರಳಿಗೆ ಸಿಕ್ಕಿತು. “ಆತಲ್ರಿ ಅಕ್ಕೋರ?” ಎಂದರು. “ಆತ್ರಿ,” ಎಂದೆ. ಚಹಾ ಕುಡಿದು ಹೋದರು.

ಮರುದಿನ ಬೆಳಿಗ್ಗೆ ಕಾಗದದ ಕಟ್ಟು ಒಡೆದು, ಪ್ರಿಂಟರಿಗೆ ತುಂಬಿಸಿ ತಂತ್ರಾಂಶ ತೆರೆದರೆ ಮತ್ತೆ ಅದೇ ಮಾತು. ಈ ಕಂಪ್ಯೂಟರಿಗೆ ಲೈಸೆನ್ಸ್ ಇಲ್ಲ.

ಕಂಪನಿಯ ಹುಡುಗಿಗೂ ಆಶ್ಚರ್ಯ. “ನಿನ್ನೆ ಕೊಟ್ಟ ಐಡಿಗೇ ಲೈಸೆನ್ಸ್ ಇದೆ ಮೇಡಂ. ನೀವು ಯಂತ್ರ ಬದಲಿಸಿದ್ದೀರಾ?”

“ಯಂತ್ರ ಇಲ್ಲೇ ಐತ್ರಿ. ನನ್ನ ಕೈ ಅದರ ಮ್ಯಾಲ ಐತಿ.”

“ಹಾಗಾದರೆ ನಿನ್ನೆಯಿಂದ ಏನಾದರೂ ಬದಲಾಗಿರಲೇಬೇಕು. ನೋಡಿ ಹೇಳಿ.” ಆಮೇಲೆ ದನಿ ಸ್ವಲ್ಪ ತಗ್ಗಿಸಿ, “ಇನ್ನೊಂದು ಸಲ ಮಾತ್ರ ಬದಲಿಸೋಕೆ ನನಗೆ ಅವಕಾಶ ಇದೆ. ಅದೂ ತಪ್ಪಿದರೆ ಹೊಸದೇ ಕೊಳ್ಳಬೇಕಾಗುತ್ತೆ. ದಯವಿಟ್ಟು ಸರಿಯಾಗಿ ನೋಡಿ,” ಎಂದಳು.

ಫೋನ್ ಇಟ್ಟು ಕಂಪ್ಯೂಟರಿನ ಮುಂದೆ ಕೂತೆ. ಅವಳು ನೋಡಿ ಎಂದಳು, ನಾನು ನೋಡುವುದು ಕೈಯಿಂದ. ಡಬ್ಬಿಯ ಹಿಂಭಾಗಕ್ಕೆ ಕೈ ಹಾಕಿ ಒಂದೊಂದೇ ತಂತಿ, ಒಂದೊಂದೇ ತೂತು ಮುಟ್ಟುತ್ತ ಬಂದೆ. ಕರೆಂಟಿನ ವೈರು, ಕೀಲಿಮಣೆಯದು, ಪ್ರಿಂಟರಿನದು. ಅದರ ಪಕ್ಕ ಒಂದು ಖಾಲಿ ತೂತು. ನಿನ್ನೆ ಪ್ರಿಂಟರಿನ ವೈರು ಜೋಡಿಸುವಾಗ ಅದೇ ಜಾಗದಲ್ಲಿ ನನ್ನ ಬೆರಳಿಗೆ ಒಂದು ಸಣ್ಣ ತುಣುಕು ತಾಕಿತ್ತು, ಬೆಚ್ಚಗಿತ್ತು. ಈಗ ಅದು ಇಲ್ಲ.

ರಿಪೇರಿಯವರಿಗೆ ಫೋನ್ ಮಾಡಿದೆ. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

“ನಿನ್ನೆ ಕಂಪ್ಯೂಟರಿನ ಹಿಂದ ಒಂದು ಸಣ್ಣದು ಚುಚ್ಚಿದ್ರೆಲ್ಲ, ಅದೇನ್ರಿ?”

“ಡಾಂಗಲ್ ರೀ, ನೆಟ್ ಬರಾಕ. ಅದು ನನ್ನದು, ತಗೊಂಡು ಬಂದೇನಿ. ಯಾಕ್ರಿ?”

“ನೀವು ಕಳಿಸಿದ ನಂಬರ್ ಅದರದ ಇರಬೇಕ್ರಿ.”

“ಅಯ್ಯೋ, ಖರೆ ಐತ್ರಿ! ಲೈಸೆನ್ಸ್ ನನ್ನ ಕಿಸೆದಾಗ ಹುನಗುಂದಕ್ಕ ಬಂದೈತಿ,” ಎಂದು ನಕ್ಕೇ ಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ. “ತಂದು ಕೊಡ್ತೇನಿ ಬಿಡ್ರಿ ಅಕ್ಕೋರ. ಅದನ್ನ ಅಲ್ಲೇ ಇಟ್ಕೋರಿ.”

ನಾನು ಬೇಡ ಎಂದೆ. ಕೈ ತಾಕಿದರೆ ಕಳಚುವ ವಸ್ತುವಿಗೆ ನಮ್ಮ ಪುಸ್ತಕಗಳನ್ನೆಲ್ಲ ಕಟ್ಟಿಹಾಕಲು ನನಗೆ ಮನಸ್ಸಿರಲಿಲ್ಲ. ಹಾಗಾದರೆ ಹುನಗುಂದದ ಕೆಲಸ ಮುಗಿಸಿ ಮುಂದಿನ ವಾರ ಬಂದು ನೋಡುತ್ತೇನೆ ಎಂದರು. ಮುಂದಿನ ವಾರ ಸಾಲೆ ಶುರು.

“ನಾನ ಹುಡುಕ್ತೇನ್ರಿ. ಎಲ್ಲಿ ಹುಡುಕಬೇಕು ಅಷ್ಟು ಹೇಳ್ರಿ.”

ಅವರು ಹಿಂದುಮುಂದು ನೋಡದೆ ಹೇಳಿದರು. ಅದಕ್ಕೆ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ. ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯೊಂದನ್ನು ತೆರೆಯುವುದು ಹೇಗೆ, ಅಲ್ಲಿ ಯಾವ ಪದ ಬರೆಯಬೇಕು, ಯಾವ ಸಾಲಿಗೆ ಕಾಯಬೇಕು ಎಂದು ಬಸ್ ಸ್ಟ್ಯಾಂಡಿನಲ್ಲೇ ನಿಂತು ತಿಳಿಸಿದರು. ನೆಟ್‌ವರ್ಕಿಗೆ ಸಂಬಂಧಿಸಿದ ಪ್ರತಿ ಭಾಗಕ್ಕೂ ಕಾರ್ಖಾನೆಯಲ್ಲೇ ಒಂದು ನಂಬರು ಕೊಟ್ಟಿರುತ್ತಾರಂತೆ. ಕಂಪ್ಯೂಟರಿನ ಒಳಗೇ ಕೂಡಿಸಿರುವ, ತೆಗೆಯಲು ಬಾರದ ಭಾಗದ ನಂಬರು ನಮಗೆ ಬೇಕಿತ್ತು.

ಆ ಪದ ಬರೆದು ಎಂಟರ್ ಒತ್ತಿದೆ. ಸ್ಕ್ರೀನ್ ರೀಡರ್ ತಡೆಯಿಲ್ಲದೆ ಇಂಗ್ಲಿಷಿನಲ್ಲಿ ಸುರಿಯತೊಡಗಿತು. ನಿಲ್ಲಿಸಿ, ಒಂದೊಂದೇ ಸಾಲು ಕೆಳಗಿಳಿಯುತ್ತ ಕೇಳಿದೆ. ಒಂದೇ ಕಂಪ್ಯೂಟರಿನಲ್ಲಿ ಎಷ್ಟೊಂದು ನಂಬರು! ಬ್ಲೂಟೂತಿಗೆ ಒಂದು, ಇಂಟರ್‌ನೆಟ್ ಕೇಬಲ್ಲು ಚುಚ್ಚುವ ಜಾಗಕ್ಕೆ ಒಂದು, ಹೆಸರೇ ತಿಳಿಯದ ಇನ್ನೊಂದು. ಯಾವುದು ಹೋಗುವಂಥದ್ದು, ಯಾವುದು ಉಳಿಯುವಂಥದ್ದು? ಕೇಳಿ ಹೇಳಲು ಬರುವುದಿಲ್ಲ, ಮಾಡಿಯೇ ನೋಡಬೇಕು ಎನ್ನಿಸಿತು. ಕಂಪ್ಯೂಟರ್ ಬಂದ್ ಮಾಡಿ, ಕರೆಂಟು, ಕೀಲಿಮಣೆ, ಸ್ಪೀಕರು ಬಿಟ್ಟು ಹಿಂದೆ ಚುಚ್ಚಿದ್ದ ಎಲ್ಲವನ್ನೂ ಕಿತ್ತು ಮೇಜಿನ ಮೇಲಿಟ್ಟೆ. ಮತ್ತೆ ಶುರು ಮಾಡಿ ಅದೇ ಪದ ಬರೆದೆ. ಈ ಸಲ ಬ್ಲೂಟೂತಿನ ನಂಬರು ಇರಲಿಲ್ಲ. ಅದೂ ಯಾವುದೋ ತುಣುಕಿನದೇ ಇತ್ತೆಂದು ಆಯಿತು. ಹೆಸರು ತಿಳಿಯದ್ದು ಇನ್ನೂ ಇತ್ತು, ಆದರೆ ಅದರ ವಿವರಣೆಯಲ್ಲಿ ‘ವರ್ಚುವಲ್’ ಎಂಬ ಪದ ಕೇಳಿಸಿತು. ವಸ್ತುವೇ ಅಲ್ಲದ್ದು, ಹೆಸರಿಗಷ್ಟೇ ಇರುವುದು ಎಂದು ಅದನ್ನು ಬಿಟ್ಟೆ. ಕೇಬಲ್ಲಿನ ಜಾಗದ್ದು ಮಾತ್ರ, ಕೇಬಲ್ಲೇ ಇಲ್ಲದಿದ್ದರೂ, ಮೊದಲಿನ ಹಾಗೇ ಕೂತಿತ್ತು. ಡಬ್ಬಿಯ ಹಿಂದೆ ಕೈ ಹಾಕಿ ಆ ಜಾಗವನ್ನು ಮುಟ್ಟಿದೆ. ತಗಡಿಗೆ ಗಟ್ಟಿಯಾಗಿ ಕೂತ ಚೌಕನೆಯ ತೂತು. ಇದನ್ನು ಯಾರೂ ಕಿಸೆಗೆ ಹಾಕಿಕೊಂಡು ಹೋಗಲಾರರು.

ಇನ್ನು ಬರೆದುಕೊಳ್ಳುವುದು. ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಕಲೆತ ಹನ್ನೆರಡು ಗುರುತು. ಯಂತ್ರದ ದನಿಯಲ್ಲಿ ಬಿ, ಡಿ, ಇ ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಕೇಳುತ್ತವೆ. ಒಂದು ಗುಂಡಿಯನ್ನು ಎರಡು ಸಲ ಒತ್ತಿದರೆ ಸ್ಕ್ರೀನ್ ರೀಡರ್ ಅಕ್ಷರದ ಬದಲು ಅದರಿಂದ ಶುರುವಾಗುವ ಒಂದು ಪದ ಹೇಳುತ್ತದೆ. ಹಾಗೆ ಒಂದೊಂದನ್ನೇ ಹೇಳಿಸಿ, ಬ್ರೈಲ್ ಪಟ್ಟಿಯಲ್ಲಿ ಕಾಗದ ಸಿಕ್ಕಿಸಿ ಮೊಳೆಯಿಂದ ಚುಚ್ಚಿದೆ. ಬ್ರೈಲನ್ನು ಬಲದಿಂದ ಎಡಕ್ಕೆ ಚುಚ್ಚಿ, ಕಾಗದ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಮಗುಚಿ ಓದಿದೆ. ಬೆರಳಿಗೆ ಬಿ ಬೇರೆ, ಡಿ ಬೇರೆ, ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಒಂದು ಕೈ ಕಾಗದದ ಮೇಲೆ, ಒಂದು ಕೈ ಕೀಲಿಮಣೆಯ ಮೇಲೆ ಇಟ್ಟುಕೊಂಡು ಪರದೆಯದನ್ನೂ ನನ್ನದನ್ನೂ ತಾಳೆ ನೋಡಿದೆ. ಸಾಲೆಯಲ್ಲಿ ಪರೀಕ್ಷೆಗೆ ಕೂತಾಗಲೂ ಇಷ್ಟು ಎಚ್ಚರದಿಂದ ಬರೆದಿರಲಿಲ್ಲ.

ಕಂಪ್ಯೂಟರಿಗೆ ನೆಟ್ ಇಲ್ಲದ್ದರಿಂದ ಬಾಯಲ್ಲೇ ಹೇಳಬೇಕಿತ್ತು. ಕಂಪನಿಯ ಹುಡುಗಿ ಪೆನ್ನು ಹಿಡಿದು ಕೂತಳು.

“ಬಿ,” ಎಂದೆ.

“ಡಿ?”

“ಅಲ್ರಿ. ಬಿ. ಬಾದಾಮಿ ಬಿ.”

“ಓ, ಬಾದಾಮಿ ಬಿ. ಸರಿ ಮೇಡಂ.”

ಅಲ್ಲಿಂದ ಮುಂದೆ ನಮ್ಮ ಸೀಮೆಯ ಊರುಗಳೆಲ್ಲ ಫೋನಿನಲ್ಲಿ ಬೆಂಗಳೂರಿಗೆ ಹೊರಟವು. ಆಲಮಟ್ಟಿ ಎ. ಧಾರವಾಡ ಡಿ. ಇ ಬಂದಾಗ ತಟ್ಟನೆ ಊರು ಹೊಳೆಯಲಿಲ್ಲ, “ಎಮ್ಮಿ ಇ” ಎಂದೆ. ಆ ಹುಡುಗಿ ಕಿಸಕ್ಕನೆ ನಕ್ಕು, “ಎಮ್ಮೆ ಇ, ಬರೆದುಕೊಂಡೆ,” ಎಂದಳು. ಒಂದು ಕಡೆ ಅವಳಿಗೆ ಅನುಮಾನ ಬಂತು, ಅದು ಸೊನ್ನೆಯೋ, ಓ ಅಕ್ಷರವೋ ಎಂದು. ನಾನು ಮತ್ತೆ ಕಾಗದ ಮುಟ್ಟಿ, “ಸೊನ್ನಿ ರೀ. ಅಂಕಿ ಅಂತ ಗುರುತು ಹಾಕೇನಿ,” ಎಂದೆ.

“ಸರಿ ಮೇಡಂ. ಈ ಐಡಿಗಳಲ್ಲಿ ಎಫ್ ದಾಟಿ ಅಕ್ಷರ ಬರೋದೇ ಇಲ್ಲ. ನಿಮ್ಮದೇ ಸರಿ,” ಎಂದು, ಮೊದಲಿನಿಂದ ಎಲ್ಲವನ್ನೂ ನನಗೆ ಓದಿ ಹೇಳಿದಳು. ಅವಳು ಓದಿದಂತೆ ನನ್ನ ಬೆರಳು ಚುಕ್ಕಿಗಳ ಮೇಲೆ ಸಾಗಿತು. “ನಿಮಗೆ ಇದನ್ನು ಯಾರು ಓದಿ ಹೇಳ್ತಿದ್ದಾರೆ ಮೇಡಂ? ತುಂಬಾ ಸ್ಪಷ್ಟವಾಗಿದೆ,” ಎಂದು ಕೇಳಿದಳು.

“ಯಾರೂ ಇಲ್ರಿ. ನಾನ ಓದಾಕತ್ತೇನಿ, ಬೆರಳಿಂದ.”

ಅವಳು ತಮ್ಮ ತಂತ್ರಾಂಶವನ್ನು ಬಳಸುವವರೊಡನೆ ದಿನವೂ ಮಾತಾಡುತ್ತಿದ್ದಳು, ಆದರೆ ಅದನ್ನು ನಡೆಸುವವರೂ ಕುರುಡರಿರಬಹುದೆಂದು ಎಣಿಸಿರಲಿಲ್ಲವಂತೆ. ಹಾಗೆಂದು ಬಿಚ್ಚುಮನಸ್ಸಿನಿಂದ ಹೇಳಿದಳು. ಮಧ್ಯಾಹ್ನದೊಳಗೆ ಹೊಸ ಲೈಸೆನ್ಸು ನನ್ನ ಮೊಬೈಲಿಗೆ ಬಂತು. ಅದನ್ನು ಕಂಪ್ಯೂಟರಿಗೆ ಸೇರಿಸಿದೆ. ತಂತ್ರಾಂಶ ತೆರೆಯಿತು. ನಂಬಿಕೆ ಬರದೆ ಮುಚ್ಚಿದೆ, ಕಂಪ್ಯೂಟರನ್ನೇ ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಆಗಲೂ ತೆರೆಯಿತು.

ಪ್ರಿಂಟರಿನ ವೈರು ಮತ್ತೆ ಚುಚ್ಚಿ, ಪ್ರಿಂಟ್ ಕೊಟ್ಟು, ಸದ್ದು ಶುರುವಾದ ಮೇಲೆ ಇಳಕಲ್ಲಿಗೆ ಫೋನ್ ಮಾಡಿದೆ. ಅಪ್ಪ ಈಗ ಕೆಲಸ ಬಿಟ್ಟಿದ್ದಾನೆ, ಆದರೂ ಹಳೆಯ ಗೆಳೆಯರ ಜತೆ ಚಹಾದಂಗಡಿಯಲ್ಲಿ ಕೂಡುತ್ತಾನೆ. ನಡೆದದ್ದನ್ನೆಲ್ಲ ಹೇಳಿದೆ. ಹೋಸ್ಟ್ ಐಡಿ ಎಂದರೆ ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ.

“ಆ ನಂಬರ್ ಹುಡುಕಿದವ್ರು ಯಾರವ್ವಾ?” ಎಂದ.

“ನಾನ ಹುಡುಕೇನಪಾ.”

“ನೀನ? ಯಾರೂ ಇರಲಿಲ್ಲ?”

“ಯಾರೂ ಇರಲಿಲ್ಲ.”

ಅವನು ಫೋನನ್ನು ಕಿವಿಯಿಂದ ತೆಗೆದದ್ದು ಗೊತ್ತಾಯಿತು. “ಏ, ಕೇಳ್ರಿಲೇ ಇಲ್ಲೆ! ನನ್ನ ಮಗಳು ಕಂಪ್ಯೂಟರಿನ ಹೊಟ್ಯಾಗಿನ ನಂಬರ್ ಹುಡುಕ್ಯಾಳ, ಬೆಂಗಳೂರಿನವರು ಒಪ್ಪ್ಯಾರ!” ಎಂದು ಅಂಗಡಿಗೆಲ್ಲ ಕೇಳುವಂತೆ ಸಾರಿದ. ನಾನು ಪ್ರಿಂಟರಿನ ಪಕ್ಕ ಕೂತು ಒಬ್ಬಳೇ ನಗುತ್ತಿದ್ದೆ. ನನಗೆ ಹೆಮ್ಮೆಯಾಯಿತು ಎಂದು ಹೇಳಲು ಯಾವ ನಾಚಿಕೆಯೂ ಇಲ್ಲ. ಬಹಳ ಹೆಮ್ಮೆಯಾಯಿತು.

ಪುಸ್ತಕ ಮೂರು ಸಂಪುಟವಾಯಿತು. ಬ್ರೈಲ್ ಪುಸ್ತಕ ಹಾಗೆಯೇ, ಮಕ್ಕಳ ತೆಳ್ಳನೆಯ ಪುಸ್ತಕವೂ ಗೋಧಿ ಚೀಲದಷ್ಟು ಉಬ್ಬುತ್ತದೆ. ಸಾಲೆ ಶುರುವಾದ ವಾರವೇ ಅವನ್ನು ಎತ್ತಿಕೊಂಡು ರೈಲಿನಲ್ಲಿ ಬಾದಾಮಿಗೆ ಹೋದೆ. ಸ್ಟೇಷನ್ನಿಗೆ ಅವಳ ಗಂಡ ಟಂಟಂ ತಂದಿದ್ದ. ಬೇಸಿಗೆಯೆಲ್ಲ ನನ್ನ ಕಿವಿಯಲ್ಲಿದ್ದ ಧ್ವನಿ ಎದುರಿಗೆ ನಿಂತು, “ಬರ್ರಿ ಅಕ್ಕೋರ,” ಎಂದಾಗ ಎಷ್ಟೋ ವರ್ಷದ ಪರಿಚಯದವನನ್ನು ಕಂಡಂತಾಯಿತು.

ಅವರ ಮನೆಯಲ್ಲಿ ಚಾಪೆಯ ಮೇಲೆ ಕೂತೆವು. ಅವಳು ಮೊದಲ ಸಂಪುಟವನ್ನು ತೊಡೆಯ ಮೇಲಿಟ್ಟುಕೊಂಡು, ತೆರೆಯದೆ, ಬಹಳ ಹೊತ್ತು ಬರೀ ರಟ್ಟು ಸವರಿದಳು. ಮಗಳು ಸಾಲೆಯಿಂದ ಬಂದು, ಚೀಲ ಇಳಿಸಿ, ತನ್ನ ಪುಸ್ತಕ ತೆಗೆದು ಅವ್ವನ ಎದುರು ಕೂತಳು. ಮೊದಲ ಪಾಠ ಓದತೊಡಗಿದಳು. ಹುಡುಗಿಯದು ಓಡುವ ಓದು. ತಾಯಿಯ ಬೆರಳು ಹಿಂದೆ ಬೀಳುತ್ತಿತ್ತು, ಕಾಗದದ ಮೇಲೆ ಅದು ಸರಿಯುವ ಸದ್ದು ನನಗೆ ಕೇಳುತ್ತಿತ್ತು.

“ನಿಂದರು,” ಎಂದಳು ತಾಯಿ.

ಹುಡುಗಿ ಓದು ನಿಲ್ಲಿಸಿದಳು.

“ನಡುವ ಒಂದು ಸಾಲು ಬಿಟ್ಟಿ.”

“ಇಲ್ಲವ್ವಾ.”

“ಬಿಟ್ಟಿ. ನನ್ನ ಪುಸ್ತಕದಾಗ ಐತಿ.” ಅವಳು ಆ ಸಾಲನ್ನು ತಡೆತಡೆದು, ಒಂದೊಂದು ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು. ಆಮೇಲೆ ಹುಡುಗಿ, “ಅವ್ವಾ, ನಿನಗ ಹೆಂಗ ಗೊತ್ತಾತು?” ಎಂದು ತಾಯಿಯ ಪಕ್ಕಕ್ಕೆ ಸರಿದು ಕೂತು, ಚುಕ್ಕಿಗಳ ಮೇಲೆ ತಾನೂ ಬೆರಳಿಟ್ಟಳು. ತಾಯಿ ನಕ್ಕಳು. ಬಾಗಲಕೋಟೆಗೆ ಬರತೊಡಗಿದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ.

“ಅಕ್ಕೋರ, ಇನ್ನ ಗಣಿತದ್ದೂ ಬೇಕಾಗತೈತ್ರಿ,” ಎಂದಳು ನನಗೆ.

“ಮಾಡೋಣಂತ. ಓದಿ ಕಳಿಸಾಕ ನಿನ್ನ ಗಂಡಗ ಹೇಳು,” ಎಂದೆ. ಬಾಗಿಲಲ್ಲಿ ನಿಂತಿದ್ದ ಅವನು, “ಗಣಿತ ನನಗ ಬರಂಗಿಲ್ರಿ,” ಎಂದ. ಎಲ್ಲರೂ ನಕ್ಕೆವು.

ತಿರುಗಿ ಸ್ಟೇಷನ್ನಿಗೆ ಬಿಡಲು ಅವನೇ ಬಂದ. ದಾರಿಯಲ್ಲಿ ಯಾರೋ ಹಿರಿಯರನ್ನು ಹತ್ತಿಸಿಕೊಂಡ. ಅವರು ನನ್ನ ಪಕ್ಕ ಕೂತು, ನನ್ನ ಕೋಲು ಕಾಲಿಗೆ ತಾಕಿತೋ ಏನೋ, “ಇವರು ಯಾರಪಾ?” ಎಂದು ಅವನನ್ನು ಕೇಳಿದರು. ಇಂಥ ಪ್ರಶ್ನೆಗೆ ಜನ ಏನು ಹೇಳುತ್ತಾರೆಂದು ನನಗೆ ಗೊತ್ತು. ಕಣ್ಣಿನ ಮಾತೇ ಮೊದಲು ಬರುತ್ತದೆ. ಅವನು ಎಂಜಿನ್ನಿನ ಸದ್ದನ್ನು ಮೀರಿ ಕೂಗಿ ಹೇಳಿದ:

“ಬಾಗಲಕೋಟ್ಯಾಗ ಪುಸ್ತಕ ಪ್ರಿಂಟ್ ಮಾಡ್ತಾರ್ರಿ. ನಮ್ಮ ಮನಿಗಿ ಪುಸ್ತಕ ಕೊಡಾಕ ಬಂದಿದ್ರು.”

“ಹೌದೇನ್ರಿ?” ಎಂದು ಹಿರಿಯರು ನನ್ನ ಕಡೆ ತಿರುಗಿದರು.

“ಹೌದ್ರಿ,” ಎಂದೆ.